ವಿಆರ್ (ವರ್ಚುವಲ್ ರಿಯಾಲಿಟಿ) ಒಳಗ ಓಡಾಡೋದು, ವಸ್ತು ಆರಿಸೋದು ಹ್ಯಾಂಗ ಇಡ್ಬೇಕು? ಸಹಾಯ ಬೇಕ್ರಿ

ನಮಸ್ಕಾರ್ರಿ ಎಲ್ರಿಗೂ, ಕೊಪ್ಪಳದಿಂದ. ಇಟಗಿ ಮಹಾದೇವ ಗುಡಿನ (1112ರಾಗ ಕಟ್ಟಿದ್ದು, ಶಾಸನದಾಗ ‘ದೇವಾಲಯ ಚಕ್ರವರ್ತಿ’ ಅಂದಾರಲ್ಲ, ಅದ) ಫೈನಲ್ ಇಯರ್ ಪ್ರಾಜೆಕ್ಟಿಗೆ ಯೂನಿಟಿ (3ಡಿ ಗೇಮ್ ಮಾಡೋ ಸಾಫ್ಟ್‌ವೇರ್) ಒಳಗ ವಿಆರ್‌ಗೆ ಮಾಡಾಕತ್ತೀವಿ. ಮಾಡೆಲ್ ಏನೋ ಆತು, ಇಂಟರಾಕ್ಷನ್‌ನ್ಯಾಗ ಸಿಕ್ಕೊಂಡೀವಿ.

ಮೊದ್ಲು ಜಾಯ್‌ಸ್ಟಿಕ್ಕಿಲೆ ನಡೆಯೋದು ಇಟ್ಟಿದ್ವಿ, ನಮ್ಮ ಕಾಕಾಗ ಹೆಡ್‌ಸೆಟ್ಟ ಹಾಕಿ ತೋರ್ಸಿದ್ರ ಎರಡು ನಿಮಿಷಕ್ಕ ತಲಿ ತಿರುಗಿ ಕಟ್ಟಿ ಮ್ಯಾಲ ಕುಂತ್ಬಿಟ್ರು, ಕಣ್ಣಿಗೆ ನಡದಂಗ ಕಾಣ್ತೈತಿ ಆದ್ರ ಕಿವಿಯೊಳಗಿನ ಬ್ಯಾಲೆನ್ಸಿಗೆ ನಿಂತಂಗ ಇರ್ತೈತಿ ನೋಡ್ರಿ, ಅದಕ್ಕ. ಟೆಲಿಪೋರ್ಟ್ (ತೋರ್ಸಿದ ಜಾಗಕ್ಕ ಒಮ್ಮೆಲೆ ಜಿಗಿಯೋದು) ಹಾಕಿದ್ವಿ, ವಾಕರಿಕಿ ಹೋತು, ಆದ್ರ ಜಿಗದ ಮ್ಯಾಲ ಎಲ್ಲದೀವಿ ಅನ್ನೋದ ತಿಳಿವಲ್ದು, ಕಂಬ ಎಲ್ಲಾ ಒಂದ ನಮೂನಿ ಕಾಣ್ತಾವ ಬ್ಯಾರೆ.

ಇನ್ನ ಕೆತ್ತನಿ ಆರಿಸೋದು. ರೇ-ಕಾಸ್ಟಿಂಗ್ (ಕೈಯಿಂದ ಕಿರಣ ಬಿಟ್ಟು ತೋರ್ಸಿ ಆರಿಸೋದು) ದೂರಕ್ಕ ಚಲೋ, ಆದ್ರ ಕೈ ಒಂಚೂರು ನಡುಗಿದ್ರೂ ಕಿರಣದ ತುದಿ ಗೇಣು ಸರಿತೈತಿ, ಸಣ್ಣವು ಸಿಗಂಗಿಲ್ಲ. 1996ರ ಗೋ-ಗೋ ಟೆಕ್ನಿಕ್ ಅಂದ್ರ ಕೈ ಚಾಚಿದಂಗ ವರ್ಚುವಲ್ ಕೈ ರಬ್ಬರಿನಂಗ ಇನ್ನೂ ಉದ್ದ ಹೋಗೋದು, ಅದನ್ನ ಯಾರಾದ್ರೂ ಕೋಡ್ ಮಾಡೀರೇನು? ಇಲ್ಲಾ ರೇಗೇ ಸ್ನ್ಯಾಪ್ (ಹತ್ರದ ಕೆತ್ತನಿಗೆ ಕಿರಣ ತಾನ ಅಂಟ್ಕೊಳ್ಳೋದು) ಹಾಕಿದ್ರ ಸಾಕಾ? ಹ್ಯಾಂಡ್ ಟ್ರ್ಯಾಕಿಂಗ್ (ಕಂಟ್ರೋಲರ್ ಇಲ್ದ ಬರೇ ಕೈ ಗುರುತಿಸೋದು) ಬ್ಯಾಡ ಅನಸ್ತೈತಿ, ಬಟನ್ ಒತ್ತಿದ ಖಾತ್ರಿ ಅದ್ರಾಗಿಲ್ಲ.

ಮುಂದಿನ ವಾರ ಡೆಮೊ ಐತಿ, ನೋಡಾಕ ಬರೋರು ಬಹಳಷ್ಟು ಮಂದಿ ಎಂದೂ ಹೆಡ್‌ಸೆಟ್ಟ ಹಾಕಿಲ್ಲದವ್ರು, ಅದನ್ನ ಲೆಕ್ಕಕ್ಕ ಇಟ್ಕೊಂಡು ಹೇಳ್ರಿ.