‘ಹಿಡಿದ ಬ್ರೇಕ್ ಬಿಡಿಸಿ’: ಇಲ್ಲಿ ‘ಹಿಡಿ’ ಯಾವುದು, ‘ಬಿಡಿಸು’ ಯಾವುದು?

ಬಲ್ಲವರಿಗೆ ನಮಸ್ಕಾರ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ತೊಗರಿ, ಹತ್ತಿಯ ಸಾಲುಗಳ ನಡುವೆ ಎಡೆ ಹೊಡೆಯುವುದಕ್ಕೆಂದು ಏಳೆಂಟು ಮನೆಯವರು ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾರೆ. ಅವುಗಳ ಜೊತೆ ಬಂದ ಇಂಗ್ಲಿಷ್ ಕೈಪಿಡಿಗಳು ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬಂದೇ ಇಲ್ಲ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಮಾಡಬೇಕಾದ ದುರಸ್ತಿಗಳನ್ನು ಕನ್ನಡದಲ್ಲಿ ಬರೆದು ನಾಲ್ಕು ಪುಟದ ಕರಪತ್ರ ಮಾಡಿಕೊಡುವುದಾಗಿ ನಾನು ಒಪ್ಪಿಕೊಂಡೆ. ಡೀಸೆಲ್ ಫಿಲ್ಟರಿನ ಪುಟ, ಬ್ಯಾಟರಿಯ ಪುಟ ಸಲೀಸಾಗಿ ಮುಗಿದವು. ಬ್ರೇಕಿನ ಪುಟದಲ್ಲಿ ‘ಹಿಡಿ’ ಮತ್ತು ‘ಬಿಡು’ ಎಂಬ ಎರಡು ಕ್ರಿಯಾಪದಗಳು ನನ್ನನ್ನು ತಡೆದು ನಿಲ್ಲಿಸಿವೆ.

ಮೊದಲು ವಸ್ತುವನ್ನು ಹೇಳಿಬಿಡುತ್ತೇನೆ. ಬ್ರೇಕ್ ಪೆಡಲಿನಿಂದ ಹಿಂದಿನ ಚಕ್ರದ ಕಡೆಗೆ ಎಳೆಯುವ ಒಂದು ಸರಳು ಹೋಗುತ್ತದೆ. ಆ ಸರಳಿನ ಉದ್ದವನ್ನು ಹೆಚ್ಚು ಕಡಿಮೆ ಮಾಡುವ ತಿರುಪಿನ ಭಾಗವನ್ನು ನಮ್ಮಲ್ಲಿ ಅಡ್ಜಸ್ಟರ್ ಎಂದೂ, ಸರಿಪಡಿಸಿದ ಅಳತೆ ಕದಲದಂತೆ ಅದರ ಬೆನ್ನಿಗೆ ಬಿಗಿಯುವ ನಟ್ಟನ್ನು ಚೆಕ್ ನಟ್ ಎಂದೂ ಕರೆಯುತ್ತಾರೆ. ನಮ್ಮ ಎರೆ ಹೊಲದ ಮಣ್ಣು ಇದರ ಮೇಲೆ ಮೆತ್ತಿಕೊಂಡು ವಾರಗಟ್ಟಲೆ ತೇವವನ್ನು ಬಿಡುವುದಿಲ್ಲ. ತುಕ್ಕಿಗೆ ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ತಿರುಪಿನ ಸುತ್ತುಗಳ ನಡುವಿನ ಸಂದಿಯಲ್ಲಿ ಅದು ಉಬ್ಬಿದಾಗ ನಟ್ಟು ಅತ್ತಲೂ ಹೋಗದು, ಇತ್ತಲೂ ಬಾರದು. ಈ ಸ್ಥಿತಿಗೆ ಏನೆನ್ನಬೇಕು ಮತ್ತು ಅದನ್ನು ನೀಗಿಸುವ ಕೆಲಸಕ್ಕೆ ಏನೆನ್ನಬೇಕು ಎಂಬುದು ನನ್ನ ಪ್ರಶ್ನೆ.

ನಾನು ಮೊದಲು ಕೊಟ್ಟಿದ್ದ ತಲೆಬರಹ ‘ಹಿಡಿದ ಬ್ರೇಕ್ ಬಿಡಿಸುವುದು’ ಎಂದಿತ್ತು. ಅದರ ಕೆಳಗಿನ ಮೊದಲ ಸಾಲು ‘ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ’ ಎಂದಿತ್ತು. ಕರಡನ್ನು ನಮ್ಮ ಓಣಿಯ ಹಿರಿಯರೊಬ್ಬರಿಗೆ ಓದಿ ಹೇಳಿದೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಮ್ಮಾ, ಬ್ರೇಕ್ ಹಿಡದ್ರ ಗಾಡಿ ನಿಂದ್ರತದ, ಕಾಲು ತಗದ್ರ ಬಿಡ್ತದ. ಇದಕ್ಕ ಎಣ್ಣಿ ಯಾಕ ಬೇಕು?’ ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾಗಿಯೇ ಇತ್ತು. ನಮ್ಮ ಕಡೆ ‘ಬ್ರೇಕ್ ಹಿಡಿ’ ಎಂದರೆ ಪೆಡಲ್ ಒತ್ತು ಎಂದು, ‘ಬ್ರೇಕ್ ಬಿಡು’ ಎಂದರೆ ಕಾಲು ತೆಗೆ ಎಂದು. ಆ ಅರ್ಥದಲ್ಲಿ ನನ್ನ ತಲೆಬರಹಕ್ಕೆ ಯಾವ ತಿರುಳೂ ಇರಲಿಲ್ಲ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ತಲೆಬರಹದ ಕೆಳಗಿನ, ಎಣ್ಣೆಯ ಸಾಲು. ಒಣ ಬ್ರೇಕ್ (ಎಣ್ಣೆಯಲ್ಲಿ ಮುಳುಗಿರದ ಬ್ರೇಕ್) ಇರುವ ಗಾಡಿಯಲ್ಲಿ, ಚಕ್ರದ ಡ್ರಮ್ಮಿಗೆ ಒಳಗಿನಿಂದ ಒತ್ತಿ ಅದನ್ನು ನಿಲ್ಲಿಸುವ ಲೈನಿಂಗಿಗೆ ಎಣ್ಣೆ ತಗುಲಿದರೆ ಬ್ರೇಕಿನ ಶಕ್ತಿಯೇ ಹೋಗುತ್ತದೆ. ‘ಹಿಡಿದ ಬ್ರೇಕಿಗೆ ಎಣ್ಣೆ ಬಿಡಬೇಕಂತೆ’ ಎಂದು ನಂಬಿ ಒಬ್ಬರು ಡ್ರಮ್ಮಿನೊಳಗೆ ಎಣ್ಣೆ ಸುರಿದರೂ ಸಾಕು, ನನ್ನ ಕನ್ನಡದಿಂದ ಒಂದು ಅಪಘಾತವೇ ಆಗಬಹುದು.

ಈ ‘ಹಿಡಿ’ ಎಷ್ಟು ಕಡೆ ಕೆಲಸ ಮಾಡುತ್ತದೆ ಎಂಬುದನ್ನು ಆಮೇಲೆ ಎಣಿಸಿ ನೋಡಿದೆ. ಚಾಲಕ ಬ್ರೇಕ್ ಹಿಡಿಯುತ್ತಾನೆ, ಅದು ಅವನ ಕ್ರಿಯೆ. ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಅದು ಬ್ರೇಕಿನ ಗುಣ. ಕಾಲು ತೆಗೆದರೂ ಚಕ್ರ ಸಲೀಸಾಗಿ ತಿರುಗದೆ ಡ್ರಮ್ ಬಿಸಿಯಾಗುತ್ತಿದ್ದರೆ ಬ್ರೇಕ್ ಹಿಡಿದಿದೆ ಎನ್ನುತ್ತೇವೆ, ಅದು ದೋಷ. ತುಕ್ಕಿನಿಂದ ಅಡ್ಜಸ್ಟರ್ ಹಿಡಿದಿದೆ ಎನ್ನುವುದು ನಾಲ್ಕನೆಯದು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇರುವ ದೂರವನ್ನು ಗಮನಿಸಬೇಕು. ಅಡ್ಜಸ್ಟರ್ ತಿರುಗದಿದ್ದರೆ, ಲೈನಿಂಗ್ ಸವೆದಂತೆಲ್ಲ ಸರಳಿನ ಉದ್ದವನ್ನು ಸರಿಮಾಡಲು ಬರುವುದಿಲ್ಲ. ಪೆಡಲ್ ಕೆಳಕೆಳಗೆ ಹೋಗುತ್ತಾ ಕೊನೆಗೆ ಬ್ರೇಕ್ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಅಂದರೆ ಅಡ್ಜಸ್ಟರ್ ‘ಹಿಡಿದಿದೆ’ ಎಂಬ ಕಾರಣಕ್ಕೇ ಬ್ರೇಕ್ ‘ಹಿಡಿಯುವುದಿಲ್ಲ’. ಒಂದೇ ವಾಕ್ಯದಲ್ಲಿ ಒಂದೇ ಪದ ಎರಡು ಎದುರು ಅರ್ಥಗಳಲ್ಲಿ ಬರುವಂಥ ಬರಹವನ್ನು ಹೊಲದ ಬದುವಿನಲ್ಲಿ ನಿಂತು ಓದುವವರ ಕೈಗೆ ಕೊಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

‘ಕೊಳ್ಳು’ ಸೇರಿಸಿದರೆ ಸಾಕಲ್ಲ ಎಂದು ಕೆಲವರು ಹೇಳಬಹುದು. ‘ಬಾಗಿಲು ಹಾಕಿದೆ’ ಎಂದರೆ ಯಾರೋ ಹಾಕಿದ್ದಾರೆ, ‘ಬಾಗಿಲು ಹಾಕಿಕೊಂಡಿದೆ’ ಎಂದರೆ ತಾನಾಗಿ ಮುಚ್ಚಿದೆ. ಅದೇ ರೀತಿ ‘ನಟ್ಟು ಬಿಗಿದಿದೆ’ ಎಂದರೆ ಪಾನಾ ಹಿಡಿದು ಯಾರೋ ಬಿಗಿದದ್ದು, ‘ಬಿಗಿದುಕೊಂಡಿದೆ’ ಎಂದರೆ ಯಾರ ಕೈಯೂ ಇಲ್ಲದೆ ಆದದ್ದು. ಈ ವ್ಯತ್ಯಾಸ ಕನ್ನಡದ ದೊಡ್ಡ ಸವಲತ್ತು, ಅದನ್ನು ನಾನು ಖಂಡಿತ ಬಳಸಿಕೊಳ್ಳುತ್ತೇನೆ. ಆದರೂ ‘ಹಿಡಿದುಕೊಂಡಿದೆ’ ಎಂದಾಗ ಕೇಳುವವರ ಮನಸ್ಸು ಮತ್ತೆ ಚಕ್ರದ ಕಡೆಗೇ ಓಡುತ್ತದೆ, ನಟ್ಟಿನ ಕಡೆಗೆ ಬರುವುದಿಲ್ಲ. ‘ಸಿಕ್ಕಿಕೊಂಡಿದೆ’ ಎಂದರೆ ಹೊರಗಿನದೇನೋ ಅಡ್ಡ ಬಂದಂತೆ. ‘ಜಾಮ್ ಆಗಿದೆ’ ಎಲ್ಲರಿಗೂ ಗೊತ್ತಿರುವ ಮಾತು, ನನಗೆ ಅದರ ಮೇಲೆ ಮುನಿಸಿಲ್ಲ. ಆದರೆ ನಮ್ಮ ಊರುಗಳಲ್ಲಿ ರಸ್ತೆಯೂ ಜಾಮ್, ಬಾಗಿಲೂ ಜಾಮ್, ಎಂಜಿನ್ನೂ ಜಾಮ್. ಏನಾಗಿದೆ ಎಂಬ ಚಿತ್ರವನ್ನು ಅದು ಕೊಡುವುದಿಲ್ಲ.

ಚಿತ್ರ ಸಿಕ್ಕಿದ್ದು ಕಲಬುರಗಿಯ ಆಳಂದ ರಸ್ತೆಯ ಒಂದು ಗ್ಯಾರೇಜಿನಲ್ಲಿ. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳೊಡನೆ ಕನ್ನಡ ಮಾತಾಡುವ ಮಿಸ್ತ್ರಿಯೊಬ್ಬರು ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು ಗಾಡಿಯ ಕೆಳಗೆ ಮಲಗಿದ್ದರು. ಒಣಗಿದ ಎರೆ ಮಣ್ಣನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದಾಗ ಎರಡು ಮೂರು ಸುತ್ತುಗಳು ಮಾತ್ರ ಬೆಳ್ಳಗೆ ಕಂಡವು. ‘ಜಂಗ್ ಹತ್ತಿ ಕಚ್ಕೊಂಡದ ನೋಡ್ರಿ. ಜೋರ್ ಹಚ್ಚಬ್ಯಾಡ್ರಿ, ಮೊದಲ ಉಣಿಸ್ರಿ’ ಎಂದರು. ಜಂಗ್ ಎಂದರೆ ತುಕ್ಕು. ನಟ್ಟಿನ ಅಂಚಿಗೆ ತೊಟ್ಟು ತೊಟ್ಟಾಗಿ ಎಣ್ಣೆ ಹಾಕಿ, ಸಣ್ಣ ಸುತ್ತಿಗೆಯಿಂದ ಅದರ ಮಗ್ಗುಲುಗಳಿಗೆ ಮೆಲ್ಲಗೆ ತಟ್ಟಿ, ಬೇರೆ ಕೆಲಸಕ್ಕೆ ಹೋದರು. ಮಧ್ಯಾಹ್ನ ಬಂದು ನೋಡಿದಾಗ ನಟ್ಟಿನ ಇನ್ನೊಂದು ಮುಖದಿಂದ ಚಹಾ ಬಣ್ಣದ ಎಣ್ಣೆ ಜಿನುಗಿತ್ತು. ‘ಉಂಡದ’ ಎಂದರು. ಒಂದು ಪಾನಾದಿಂದ ಸರಳನ್ನು ತಿರುಗದಂತೆ ಹಿಡಿದು, ಇನ್ನೊಂದರಿಂದ ನಟ್ಟನ್ನು ಕೂದಲೆಳೆಯಷ್ಟು ಬಿಗಿಯುವ ಕಡೆಗೇ ಒತ್ತಿ, ಆಮೇಲೆ ಹಿಂದಕ್ಕೆ ಎಳೆದರು. ‘ಕಟಕ್’ ಎಂಬ ಸಣ್ಣ ಸದ್ದು. ‘ಹಾಂ, ಬಾಯಿ ಬಿಡ್ತು’ ಎಂದರು.

ಕಚ್ಚಿಕೊಳ್ಳು, ಉಣಿಸು, ಉಣ್ಣು, ಬಾಯಿ ಬಿಡು. ಅವರ ಮಾತೆಲ್ಲ ಬಾಯಿಯದು. ನನ್ನ ಕರಡಿನ ಮಾತೆಲ್ಲ ಕೈಯದು. ‘ತುಕ್ಕು ತಿಂದಿದೆ’ ಎಂದು ನಾವೆಲ್ಲ ಹೇಳುವುದೂ ಬಾಯಿಯ ಮಾತೇ. ‘ಹಿಡಿ’, ‘ಬಿಡು’ ಎಂಬ ಕೈಯ ಮಾತುಗಳನ್ನು ಚಾಲಕನೂ ಬ್ರೇಕೂ ಆಗಲೇ ತಮ್ಮದಾಗಿ ಮಾಡಿಕೊಂಡಿರುವುದರಿಂದ, ನಟ್ಟಿಗೂ ತಿರುಪಿಗೂ ಬಾಯಿಯ ಮಾತುಗಳನ್ನೇ ಕೊಟ್ಟರೆ ಎರಡೂ ಎಲ್ಲಿಯೂ ಕೂಡಿಕೊಳ್ಳುವುದಿಲ್ಲ. ಇದು ನಾನು ನಿಮ್ಮ ಮುಂದಿಡುವ ಮುಖ್ಯ ಸೂಚನೆ. ಅದರಲ್ಲೂ ‘ಉಣಿಸು’ ಎಂಬುದಕ್ಕೆ ಸಮನಾದ ಇನ್ನೊಂದು ಪದ ನನಗೆ ಕಾಣುತ್ತಿಲ್ಲ. ‘ಎಣ್ಣೆ ಹಚ್ಚಿ’ ಎಂದರೆ ಮೇಲ್ಮೈಗೆ ಸವರುತ್ತಾರೆ, ‘ಎಣ್ಣೆ ಹಾಕಿ’ ಎಂದರೆ ಒಮ್ಮೆ ಸುರಿದು ಹೋಗುತ್ತಾರೆ, ‘ಎಣ್ಣೆ ಬಿಡಿ’ ಎಂದರೆ ಮೇಲೆ ಹೇಳಿದ ಗೊಂದಲ. ‘ಉಣಿಸಿ’ ಎಂದರೆ ಒಳಗೆ ಇಳಿಯುವ ತನಕ ಸ್ವಲ್ಪ ಸ್ವಲ್ಪವಾಗಿ, ಸಮಯ ಕೊಟ್ಟು ಎಂಬುದೆಲ್ಲ ಆ ಒಂದೇ ಪದದಲ್ಲಿ ಬರುತ್ತದೆ. ಬಂಡಿಯ ಕಾಲದಲ್ಲಿ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ಮನೆಗಳಲ್ಲಿ ಈ ಮಾತಿಗೆ ವಿವರಣೆಯೇ ಬೇಕಾಗಲಿಲ್ಲ. ಕಾಕಾ ಕೇಳಿದ ಕೂಡಲೇ ತಲೆಯಾಡಿಸಿದರು.

‘ಬಿಡಿಸು’ ಪದವನ್ನು ಕೈಬಿಡಲು ಇನ್ನೊಂದು ಕಾರಣವಿದೆ. ನಮ್ಮ ಜನ ಹತ್ತಿ ಬಿಡಿಸುತ್ತಾರೆ, ಹಸಿ ತೊಗರಿಕಾಯಿ ಬಿಡಿಸುತ್ತಾರೆ. ಎರಡರಲ್ಲೂ ವಸ್ತು ತನ್ನ ಜಾಗದಿಂದ ಹೊರಗೆ ಬಂದು ಕೈ ಸೇರುತ್ತದೆ. ‘ಅಡ್ಜಸ್ಟರ್ ಬಿಡಿಸಿ’ ಎಂದು ಬರೆದರೆ ಅದನ್ನು ಗಾಡಿಯಿಂದ ತೆಗೆದು ಪಕ್ಕದಲ್ಲಿ ಇಡಬೇಕೆಂದೇ ಅವರು ತಿಳಿಯುತ್ತಾರೆ. ‘ಬಿಚ್ಚು’ ಎಂದರೂ ಪೂರ್ತಿ ಕಳಚಿದಂತೆ. ಇಲ್ಲಿ ಬೇಕಾದದ್ದು ಇದ್ದಲ್ಲಿಯೇ ತಿರುಗುವಂತಾಗುವುದು, ಅಷ್ಟೇ. ‘ಸಡಿಲಿಸು’ ಇದಕ್ಕೆ ಹೊಂದುತ್ತದೆ. ಗ್ಯಾರೇಜಿನ ‘ಢೀಲ ಮಾಡು’ ಕೂಡ ಅದೇ. ನಾನು ‘ಸಡಿಲ ಮಾಡಿ’ ಎಂದು ಇಟ್ಟುಕೊಂಡಿದ್ದೇನೆ.

‘ತುಕ್ಕು’, ‘ಜಂಗ್’ ಎಂಬ ಜೋಡಿಯ ಬಗ್ಗೆಯೂ ಒಂದು ಮಾತು. 1956ರ ವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಗಳಲ್ಲಿ ಕೈಕಸುಬಿನ ಮಾತಿಗೆ ಉರ್ದುವಿನ ಬಳುವಳಿ ದೊಡ್ಡದು. ಫಾರಸಿಯ ‘ಜ಼ಂಗ್’ ಇಲ್ಲಿ ‘ಜಂಗ್’ ಆಗಿ, ಹಿಂದಿ ಉರ್ದುಗಳ ‘ಲಗ್ನಾ’ ಬದಲಿಗೆ ಕನ್ನಡದ ‘ಹತ್ತು’ ಸೇರಿ ‘ಜಂಗ್ ಹತ್ತು’ ಆಗಿದೆ. ‘ತುಕ್ಕು’ ಮಾತ್ರ ‘ಹಿಡಿ’ಯುತ್ತದೆ, ಇಲ್ಲಿಯೂ ಅದೇ ಕ್ರಿಯಾಪದ. ತೆಲುಗಿನಲ್ಲಿ ತುಕ್ಕಿಗೆ ‘ತುಪ್ಪು’ ಎನ್ನುತ್ತಾರೆ; ಅಲ್ಲಿ ‘ತುಕ್ಕು’ ಎಂದರೆ ಗುಜರಿ ಸಾಮಾನು. ಸೇಡಂ, ಗುರುಮಠಕಲ್ ಕಡೆ ಎರಡು ಭಾಷೆ ಬಲ್ಲ ಓದುಗರಿಗೆ ‘ತುಕ್ಕಾದ ನಟ್ಟು’ ಎಂದರೆ ಎಸೆಯಬೇಕಾದ ನಟ್ಟು ಎಂದು ಕೇಳಿಸಬಹುದು. ‘ಕಿಲುಬು’ ತಾಮ್ರ ಹಿತ್ತಾಳೆಯದು, ಕಬ್ಬಿಣಕ್ಕೆ ಬೇಡ. ಹೀಗೆಲ್ಲ ನೋಡಿ ‘ಜಂಗ್ ಹತ್ತಿ ಕಚ್ಚಿಕೊಂಡ’ ಎಂದೇ ಬರೆಯಬೇಕೆಂದು ನನ್ನ ಮನಸ್ಸು ಹೇಳುತ್ತದೆ. ಇದನ್ನು ಅಶುದ್ಧ ಕನ್ನಡ ಎನ್ನುವವರೊಡನೆ ನಾನು ವಾದಕ್ಕೆ ಸಿದ್ಧನಿದ್ದೇನೆ.

ಇನ್ನು ಪೆಡಲಿನದು. ಕಾಲಿಟ್ಟ ಮೇಲೆ ಬ್ರೇಕ್ ತಾಗುವವರೆಗೆ ಪೆಡಲ್ ಖಾಲಿಯಾಗಿ ಚಲಿಸುವ ದೂರಕ್ಕೆ ನಮ್ಮಲ್ಲಿ ‘ಆಟ’ ಎನ್ನುತ್ತಾರೆ. ಹಲವು ಸಣ್ಣ ಟ್ರ್ಯಾಕ್ಟರುಗಳಲ್ಲಿ ಇದು 20 ರಿಂದ 40 ಮಿಲಿಮೀಟರಿನೊಳಗೆ ಇರುತ್ತದೆ. ಹಿಂದಿನ ಎರಡು ಚಕ್ರಗಳಿಗೆ ಒಂದೊಂದರಂತೆ ಇರುವ ಎಡ ಬಲ ಬ್ರೇಕ್ ಪೆಡಲುಗಳ ಆಟ ಒಂದೇ ಸಮ ಇರಲೇಬೇಕು. ಇಲ್ಲದಿದ್ದರೆ ರಸ್ತೆಯಲ್ಲಿ ಎರಡನ್ನೂ ಕೂಡಿಸಿ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಪದ ಚೆನ್ನಾಗಿದೆ, ಆದರೆ ಬೀದರ್ ಜಿಲ್ಲೆಯ ಬಸವಕಲ್ಯಾಣ, ಭಾಲ್ಕಿ ಕಡೆಗೆ ಕರಪತ್ರ ಹೋದರೆ ಒಂದು ತೊಡಕಿದೆ. ತಿರುಪಿನ ಸುತ್ತುಗಳಿಗೆ ಮರಾಠಿಯಲ್ಲಿ ‘ಆಟೆ’ ಎನ್ನುತ್ತಾರೆ. ‘ಆಟ ಹೋಗಿದೆ’ ಎಂದರೆ ಪೆಡಲ್ ಸಡಿಲವಿಲ್ಲ ಎಂದು, ‘ಆಟೆ ಹೋಗಿದೆ’ ಎಂದರೆ ತಿರುಪಿನ ಸುತ್ತು ಸವೆದು ಹಾಳಾಗಿದೆ ಎಂದು. ಒಬ್ಬರು ಓದಿ ಇನ್ನೊಬ್ಬರು ಕೇಳುವಾಗ ಇವೆರಡೂ ಬೆರೆಯುವುದು ಸುಲಭ. ಹಾಗಾಗಿ ‘ಪೆಡಲಿನ ಆಟ’ ಎಂದು ಜೋಡಿಯಾಗಿಯೇ ಬರೆಯುತ್ತೇನೆ, ಸುತ್ತುಗಳಿಗೆ ‘ಚೂಡಿ’ ಎಂದು ಇಡುತ್ತೇನೆ.

ಈ ‘ಚೂಡಿ’ಯಲ್ಲಿಯೇ ನನ್ನ ಕೊನೆಯ ತೊಡಕು. ಕೆಲವು ಅಡ್ಜಸ್ಟರುಗಳಲ್ಲಿ ನಡುವಿನ ತುಂಡಿನ ಒಂದು ತುದಿಗೆ ಸಾಮಾನ್ಯ ಚೂಡಿ, ಇನ್ನೊಂದು ತುದಿಗೆ ಅದಕ್ಕೆ ಎದುರಾದ ಚೂಡಿ ಇರುತ್ತದೆ. ನಡುವಿನದನ್ನು ತಿರುಗಿಸಿದರೆ ಎರಡು ಸರಳುಗಳೂ ಒಟ್ಟಿಗೆ ಒಳಕ್ಕೆ ಬರುತ್ತವೆ ಅಥವಾ ಒಟ್ಟಿಗೆ ಹೊರಕ್ಕೆ ಹೋಗುತ್ತವೆ. ಇದು ತಿಳಿಯದೆ ಎದುರು ಚೂಡಿಯ ನಟ್ಟನ್ನು ಸಡಿಲ ಮಾಡುತ್ತಿದ್ದೇನೆಂದು ಬಲವಾಗಿ ಬಿಗಿಯುವವರೇ ಹೆಚ್ಚು, ಮೊದಲೇ ಕಚ್ಚಿಕೊಂಡದ್ದು ಆಗ ಸರಳನ್ನೇ ತಿರುಚುತ್ತದೆ. ಮಿಸ್ತ್ರಿಗಳು ಇದಕ್ಕೆ ‘ಉಲ್ಟಾ ಚೂಡಿ’ ಎನ್ನುತ್ತಾರೆ. ಓದುವವರಿಗೆ ಅದು ತಲೆಕೆಳಗಾಗಿ ಕೂರಿಸಿದ ತುಂಡು ಎಂಬಂತೆ ತೋರುತ್ತದೆ. ‘ಎಡಗೈ ಚೂಡಿ’ ಎಂದರೆ ಎಡಗೈಯಿಂದ ತಿರುಗಿಸಬೇಕೆಂದು ಅರ್ಥವಾಗುತ್ತದೆ. ನನಗೆ ಪ್ರೀತಿ ಇರುವುದು ‘ಎಡಮುರಿ’ ಎಂಬ ಪದದ ಮೇಲೆ. ಬಲಮುರಿ ಶಂಖ, ಬಲಮುರಿ ಗಣಪತಿ ಎಂಬ ಮಾತುಗಳಿಂದ ಸುರುಳಿಯ ದಿಕ್ಕು ಹೇಳುವ ಕ್ರಮ ಕನ್ನಡಕ್ಕೆ ಹಳೆಯದು. ‘ಬಲಮುರಿ ಚೂಡಿ’, ‘ಎಡಮುರಿ ಚೂಡಿ’ ಎಂದರೆ ಎಷ್ಟು ಒಪ್ಪವಾಗಿದೆ. ಆದರೆ ಕಚ್ಚಿಕೊಂಡ ನಟ್ಟಿನ ಮುಂದೆ ಪಾನಾ ಹಿಡಿದು ನಿಂತವರಿಗೆ ‘ಮುರಿ’ ಎಂಬ ಸದ್ದು ಕೇಳಿಸುವ ಪದವನ್ನು ಕೊಡಬಹುದೇ ಎಂಬ ಅಳುಕು ನನ್ನನ್ನು ಬಿಟ್ಟಿಲ್ಲ.

ಸದ್ಯಕ್ಕೆ ಆ ಭಾಗ ಹೀಗಿದೆ: ‘ಅಡ್ಜಸ್ಟರಿನ ಚೆಕ್ ನಟ್ ಜಂಗ್ ಹತ್ತಿ ಕಚ್ಚಿಕೊಂಡಿದ್ದರೆ ಜೋರು ಮಾಡಬೇಡಿ. ಮಣ್ಣು ಉಜ್ಜಿ ತೆಗೆದು, ನಟ್ಟಿನ ಅಂಚಿಗೆ ಮಾತ್ರ ಎಣ್ಣೆ ಉಣಿಸಿ, ಒಂದು ರಾತ್ರಿ ಹಾಗೆಯೇ ಇರಲಿ. ಡ್ರಮ್ಮಿನೊಳಗೆ ಒಂದು ಹನಿಯೂ ಹೋಗಬಾರದು. ಮರುದಿನ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ಒತ್ತಿ, ಆಮೇಲೆ ಸಡಿಲ ಮಾಡಿ. ಒಂದು ತುದಿಯಲ್ಲಿ ______ ಚೂಡಿ ಇರಬಹುದು, ನೋಡಿ ತಿರುಗಿಸಿ.’

ಸುರಪುರ, ಶಹಾಪುರ, ಹುಮನಾಬಾದ್, ಔರಾದ್ ಕಡೆಯ ಗ್ಯಾರೇಜುಗಳಲ್ಲಿ, ಬಡಿಗರ ಅಥವಾ ಕಮ್ಮಾರರ ಮನೆಗಳಲ್ಲಿ ‘ಕಚ್ಚಿಕೊಳ್ಳು’, ‘ಉಣಿಸು’ ಎಂಬುವು ಇದೇ ಅರ್ಥದಲ್ಲಿ ಇವೆಯೇ, ಅಥವಾ ಬೇರೆ ಮಾತಿದೆಯೇ ಎಂಬುದನ್ನು ಆ ಕಡೆಯವರು ತಿಳಿಸಬೇಕೆಂದು ಕೋರುತ್ತೇನೆ. ಖಾಲಿ ಬಿಟ್ಟ ಜಾಗಕ್ಕೆ ‘ಎಡಮುರಿ’ ಬರೆಯಲೇ, ‘ಉಲ್ಟಾ’ ಬರೆಯಲೇ ಎಂಬುದನ್ನೂ ಹೇಳಿ. ತೊಗರಿ ರಾಶಿ ಶುರುವಾಗುವ ಮೊದಲು ಕರಪತ್ರ ಅಚ್ಚಿಗೆ ಹೋಗಬೇಕಾಗಿದೆ.