ಬ್ರೇಕ್ ಒತ್ತಿದರೆ ಎಡ ಮುಂದಿನ ಚಕ್ರ ಒಂದೇ ಲಾಕ್ ಆಗುತ್ತಿದೆ (ಸೆವೆನ್ ಮಾದರಿ ಕಿಟ್ ಕಾರು)

ಖಾಲಿಸೀಟು:
ಕೊಳವೆ ಚಾಸಿಯ ಸೆವೆನ್ ಮಾದರಿ ಕಾರು (ಹಳೆಯ ಲೋಟಸ್ ಸೆವೆನ್ ಥರದ, ಬಿಡಿಭಾಗ ತಂದು ನಾವೇ ಜೋಡಿಸುವ ಹಗುರ ಕಾರು), ಬಲಗಡೆ ಸ್ಟಿಯರಿಂಗ್. ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದಾಗ ತೂಕ 560 ಕೆಜಿ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ, ಸರ್ವೋ (ಪೆಡಲ್ ಒತ್ತಡ ಹೆಚ್ಚಿಸುವ ಸಾಧನ) ಇಲ್ಲ. ನಾಲ್ಕೂ ಕಡೆ ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ (ಶಾಕ್ ಅಬ್ಸಾರ್ಬರ್ ಸುತ್ತಲೇ ಸ್ಪ್ರಿಂಗ್ ಇರುವ ಜೋಡಣೆ), ಮುಂದೆ ಆ್ಯಂಟಿರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ಎಡ ಬಲ ಚಕ್ರಗಳನ್ನು ಜೋಡಿಸುವ ಸರಳು).

ಜೋರಾಗಿ ಬ್ರೇಕ್ ಹಿಡಿದರೆ ಎಡ ಮುಂದಿನ ಚಕ್ರ ಮೊದಲು ನಿಂತುಬಿಡುತ್ತದೆ. ಟೈರು ಆಗಲೇ ಒಂದು ಕಡೆ ಚಪ್ಪಟೆಯಾಗಿದೆ. ಎರಡು ಸಲ ಬ್ಲೀಡ್ ಮಾಡಿದ್ದಾಯಿತು (ಬ್ರೇಕ್ ಎಣ್ಣೆಯಲ್ಲಿನ ಗಾಳಿ ತೆಗೆದದ್ದು), ಎರಡೂ ಕಡೆ ಹೊಸ ಪ್ಯಾಡ್ ಹಾಕಿದ್ದಾಯಿತು, ಎಡಗಡೆಯ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಅನ್ನೂ ಬದಲಿಸಿದ್ದಾಯಿತು. ಏನೂ ವ್ಯತ್ಯಾಸವಿಲ್ಲ. ಇನ್ನು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಗೆ ಒತ್ತಡ ಕೊಡುವ ಭಾಗ) ಬದಲಿಸಬೇಕಾ?

ಸಿಸ್ಪ್ಯಾನರ್:
ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ ಸರ್. ಮಾಸ್ಟರ್ ಸಿಲಿಂಡರ್ ಕೆಟ್ಟರೆ ಮುಂದಿನ ಎರಡೂ ಚಕ್ರಕ್ಕೆ ಒಟ್ಟಿಗೇ ಒತ್ತಡ ಕಡಿಮೆಯಾಗುತ್ತದೆ, ಒಂದೇ ಚಕ್ರ ಲಾಕ್ ಆಗುವುದಿಲ್ಲ.

ಮೊದಲು ಎರಡು ವಿಷಯ ಹೇಳಿ. ಹಗುರವಾಗಿ ಬ್ರೇಕ್ ಒತ್ತಿದಾಗ, ಅಂದರೆ ಚಕ್ರ ಇನ್ನೂ ಲಾಕ್ ಆಗದಿದ್ದಾಗ, ಕಾರು ಯಾವ ಕಡೆಗಾದರೂ ಎಳೆಯುತ್ತದೆಯೇ? ಲಾಕ್ ಆದಮೇಲೆ ಯಾವ ಕಡೆಗೆ ಎಳೆಯುತ್ತದೆ?

ಯಾಕೆ ಕೇಳಿದೆ ಅಂದರೆ, ಬಲಗಡೆಯ ಕ್ಯಾಲಿಪರ್ ಪಿಸ್ಟನ್ ಜಾಮ್ ಆಗಿದ್ದರೆ ಕೆಲಸವೆಲ್ಲ ಎಡ ಚಕ್ರದ ತಲೆಯ ಮೇಲೆ ಬೀಳುತ್ತದೆ. ಆಗ ಹಗುರ ಬ್ರೇಕಿನಲ್ಲೇ ಕಾರು ಎಡಕ್ಕೆ ಎಳೆಯುತ್ತದೆ. ಬ್ರೇಕು ಎರಡೂ ಕಡೆ ಸಮವಾಗಿದ್ದು, ಎಡ ಚಕ್ರದ ಮೇಲೆ ಭಾರವೇ ಕಡಿಮೆ ಇದ್ದರೆ ಚಿತ್ರ ಬೇರೆ. ಲಾಕ್ ಆಗುವವರೆಗೂ ಕಾರು ನೇರವಾಗಿ ಹೋಗುತ್ತದೆ, ಲಾಕ್ ಆದ ಕ್ಷಣ ಹಿಡಿತ ಉಳಿದಿರುವ ಬಲಕ್ಕೆ ಸ್ವಲ್ಪ ಜಗ್ಗುತ್ತದೆ.

ಇದನ್ನು ಮುಚ್ಚಿದ ಜಾಗದಲ್ಲಿ, 60 ಕಿ.ಮೀ. ವೇಗದಿಂದ ಮಾತ್ರ ನೋಡಿ. ನಾಲ್ಕೈದು ಸಲ ನಿಲ್ಲಿಸಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಎರಡೂ ಡಿಸ್ಕ್‌ಗಳ ಬಿಸಿ ಅಳೆಯಿರಿ. ಎರಡರಲ್ಲಿ ಒಂದು ತಣ್ಣಗೆ ಉಳಿದಿದ್ದರೆ ತಪ್ಪು ಆ ಕಡೆಯ ಕ್ಯಾಲಿಪರ್‌ನದು.

ಖಾಲಿಸೀಟು:
ಹಗುರ ಬ್ರೇಕಿನಲ್ಲಿ ನೇರವಾಗಿ ಹೋಗುತ್ತದೆ. ಲಾಕ್ ಆದರೆ ಬಲಕ್ಕೆ ಜಗ್ಗುತ್ತದೆ. ಡಿಸ್ಕ್‌ಗಳ ಬಿಸಿ ಹೆಚ್ಚುಕಡಿಮೆ ಒಂದೇ. ಇನ್ನೊಂದು ಮಾತು, ಸಂಬಂಧ ಇದೆಯೋ ಇಲ್ಲವೋ ತಿಳಿಯದು: ಎಡ ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತದೆ, ಬಲ ತಿರುವಿನಲ್ಲಿ ಬಾಲ ಸಡಿಲ.

ನಾಲ್ಕುಮೂಲೆ:
ಸಂಬಂಧ ಇದೆ, ಅದೇ ಮುಖ್ಯ ಸುಳಿವು. ಬ್ರೇಕ್ ಬಿಟ್ಟುಬಿಡಿ, ತಕ್ಕಡಿ ತನ್ನಿ.

ನಾಲ್ಕು ಕಾಲಿನ ಮೇಜಿನ ಒಂದು ಕಾಲು ಗಿಡ್ಡ ಇದ್ದರೆ ಭಾರ ಮೂಲೆಯಿಂದ ಮೂಲೆಗೆ ಕರ್ಣವಾಗಿ ಬೀಳುತ್ತದೆ, ಉಳಿದ ಎರಡು ಕಾಲು ಹಗುರವಾಗುತ್ತವೆ. ನಿಮ್ಮ ಕಾರಿನಲ್ಲಿ ಬಲಮುಂದು ಮತ್ತು ಎಡಹಿಂದು ಭಾರ, ಎಡಮುಂದು ಮತ್ತು ಬಲಹಿಂದು ಹಗುರ ಅಂತ ನನ್ನ ಊಹೆ. ಹಾಗಿದ್ದರೆ ಎಡ ತಿರುವಿನಲ್ಲಿ ಅಂಡರ್‌ಸ್ಟಿಯರ್ (ಮೂತಿ ಹೊರಕ್ಕೆ ಜಾರುವುದು), ಬಲ ತಿರುವಿನಲ್ಲಿ ಓವರ್‌ಸ್ಟಿಯರ್ (ಬಾಲ ಜಾರುವುದು) ಬರಲೇಬೇಕು. ಒಂದೂವರೆ ಟನ್ ಕಾರಿನಲ್ಲಿ 15 ಕೆಜಿ ಆಚೀಚೆ ಆದರೆ ಯಾರಿಗೂ ತಿಳಿಯದು. ಇಲ್ಲಿ ಒಂದು ಮುಂದಿನ ಚಕ್ರದ ಮೇಲೆ ಇರುವುದೇ 140 ಚಿಲ್ಲರೆ ಕೆಜಿ.

ತೂಗುವ ವಿಧಾನ ಹೀಗೆ:

ನಾಲ್ಕೂ ತಕ್ಕಡಿಗಳ ಮೇಲ್ಮೈ 1 ಮಿ.ಮೀ. ಒಳಗೆ ಒಂದೇ ಮಟ್ಟದಲ್ಲಿರಲಿ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡಿ, ತಗ್ಗಿನ ಕಡೆ ತೆಳು ವಿನೈಲ್ ಹಾಳೆ ತುಂಡುಗಳನ್ನು ಇಡಿ. ಇದರಲ್ಲಿ ಸೋಮಾರಿತನ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ನೆಲದಲ್ಲಿ 5 ಮಿ.ಮೀ. ತಗ್ಗಿದ್ದರೆ ಅದನ್ನೇ ನೀವು ಕಾರಿಗೆ ತಿದ್ದುತ್ತೀರಿ.

ಮನೆಯಲ್ಲಿ ಮೈತೂಕ ನೋಡುವ ತಕ್ಕಡಿ ಸಾಮಾನ್ಯವಾಗಿ 150 ಅಥವಾ 180 ಕೆಜಿಗೆ ಮುಗಿಯುತ್ತದೆ, ಹಿಂದಿನ ಚಕ್ರಕ್ಕೆ ಸಾಲದು. ಅಲ್ಲಿ ಎರಡು ತಕ್ಕಡಿ ಇಟ್ಟು ಮೇಲೆ ದಪ್ಪ ಹಲಗೆ ಹಾಕಿ, ಎರಡರ ಅಂಕೆ ಕೂಡಿ, ಹಲಗೆಯ ತೂಕ ಕಳೆಯಿರಿ. ಮೊದಲೇ ಎಲ್ಲ ತಕ್ಕಡಿಗಳ ಮೇಲೂ ಒಂದೇ ಭಾರವನ್ನು ಇಟ್ಟು ಹೋಲಿಸಿ.

ಟೈರಿನ ಗಾಳಿ ಎಡ ಬಲ ಸಮ. ಅರ್ಧ ಟ್ಯಾಂಕ್ ಪೆಟ್ರೋಲ್ (20 ಲೀಟರ್ ಅಂದರೆ ಸುಮಾರು 15 ಕೆಜಿ, ಅದೂ ಪೂರ್ತಿ ಹಿಂದೆ). ಚಾಲಕನ ತೂಕದಷ್ಟು ಮರಳು ಚೀಲ ಅಥವಾ ನೀರಿನ ಕ್ಯಾನ್: 80 ಕೆಜಿ ಆದರೆ 60 ಸೀಟಿನ ಮೇಲೆ, 20 ಪೆಡಲ್ ಹತ್ತಿರ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಎಡ ಬಲ ಒಂದೇ ಕ್ಲಿಕ್. ಸ್ಟಿಯರಿಂಗ್ ನೇರ. ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ.

ಜಾಕ್‌ನಿಂದ ಇಳಿಸಿದ ಕೂಡಲೇ ಅಂಕೆ ಓದಬೇಡಿ. ಇಳಿಯುವಾಗ ಚಕ್ರಗಳು ಹೊರಕ್ಕೆ ಸರಿಯಬೇಕು, ಟೈರು ನೆಲ ಕಚ್ಚಿಕೊಂಡು ಬಿಡುವುದಿಲ್ಲ, ಕಾರು ಎತ್ತರದಲ್ಲೇ ಕೂತಿರುತ್ತದೆ. ಪ್ರತಿ ಚಕ್ರದ ಕೆಳಗೆ ಎರಡು ಪದರ ಪಾಲಿಥೀನ್ ಹಾಳೆ, ನಡುವೆ ಸ್ವಲ್ಪ ಗ್ರೀಸ್ ಹಾಕಿ, ಮೂತಿ ಮತ್ತು ಬಾಲವನ್ನು ನಾಲ್ಕೈದು ಸಲ ಕುಲುಕಿಸಿ, ಆಮೇಲೆ ಓದಿ. ಎರಡು ಸಲ ಓದಿದಾಗ 1 ಕೆಜಿ ಒಳಗೆ ಅದೇ ಅಂಕೆ ಬರಬೇಕು.

ಜಾಕ್ ಅನ್ನು ಚಾಸಿ ಕೊಳವೆಯ ಕೆಳಗೆ, ಮರದ ತುಂಡು ಇಟ್ಟು ಹಾಕಿ. ಅಲ್ಯುಮಿನಿಯಂ ತಳಹಾಳೆಗೋ ಇಂಜಿನ್‌ನ ಎಣ್ಣೆ ತೊಟ್ಟಿಗೋ (ಸಂಪ್) ಕೊಟ್ಟರೆ ಇನ್ನೊಂದು ಸಮಸ್ಯೆ ಶುರು.

ಖಾಲಿಸೀಟು:
ಚೀಲ ಸಮೇತ ಒಟ್ಟು 640 ಕೆಜಿ. ಎಡಮುಂದು 128, ಬಲಮುಂದು 166, ಎಡಹಿಂದು 182, ಬಲಹಿಂದು 164.
ಚೀಲ ತೆಗೆದರೆ 560: ಅದೇ ಕ್ರಮದಲ್ಲಿ 127, 151, 157, 125.

ನಾಲ್ಕುಮೂಲೆ:
ಎಡಮುಂದು ಮತ್ತು ಬಲಹಿಂದು ಕೂಡಿದರೆ 292, ಅಂದರೆ 640ರಲ್ಲಿ ಶೇ. 45.6. ಇದು 50ರ ಆಸುಪಾಸು ಇರಬೇಕು. ಮುಂದೆ ಎಡಕ್ಕೂ ಬಲಕ್ಕೂ 38 ಕೆಜಿ ವ್ಯತ್ಯಾಸ. ಲಾಕ್ ಆಗದೆ ಇನ್ನೇನಾಗುತ್ತದೆ?

ಖಾಲಿ ಕಾರಿನ ಅಂಕೆ ಕೊಟ್ಟದ್ದು ಒಳ್ಳೆಯದಾಯಿತು. ಅದರಲ್ಲೂ ಕರ್ಣ ಶೇ. 45. ಅಂದರೆ ತಪ್ಪು ಚಾಲಕನ ಭಾರದ್ದಲ್ಲ. ಚಾಲಕ ಕೂತಾಗ ಎಡಮುಂದಿಗೆ ಬಂದದ್ದು 1 ಕೆಜಿ, ಬಲಮುಂದಿಗೆ 15, ಉಳಿದ 64 ಹಿಂದಕ್ಕೆ. ಅದು ಕರ್ಣಗಳಿಗೆ 40–40 ಸಮನಾಗಿಯೇ ಹಂಚಿದೆ, ಕೂಡಿ ನೋಡಿ. ಮೇಜಿನ ಕಾಲು ಕಾರಿನೊಳಗೇ ಎಲ್ಲೋ ಗಿಡ್ಡ ಆಗಿದೆ.

ಸ್ಪ್ರಿಂಗ್ ಸೀಟಿಗೆ (ಡ್ಯಾಂಪರ್ ಮೇಲೆ ಸ್ಪ್ರಿಂಗ್ ಕೂರುವ, ತಿರುಗಿಸಿ ಎತ್ತರ ಹೊಂದಿಸುವ ರಿಂಗು) ಕೈ ಹಾಕುವ ಮೊದಲು ಆ್ಯಂಟಿರೋಲ್ ಬಾರ್‌ನ ಒಂದು ಕಡೆಯ ಡ್ರಾಪ್ ಲಿಂಕ್ (ಬಾರಿನ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಕಡ್ಡಿ) ಬಿಚ್ಚಿ ಮತ್ತೆ ತೂಗಿ. ಬೋಲ್ಟ್ ಹೊರಬರುವಾಗ ‘ಟಕ್’ ಅಂತ ಹಾರಿದರೆ ಅಥವಾ ತೂತು ಹೊಂದದೆ ಪಕ್ಕಕ್ಕೆ ಸರಿದರೆ, ಬಾರು ತಿರುಚಿಕೊಂಡೇ ಕೂತಿತ್ತು ಅಂತ ಅರ್ಥ.

ಸಿಸ್ಪ್ಯಾನರ್:
ಜೊತೆಗೆ ವಿಶ್‌ಬೋನ್ (ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳು) ಬುಷ್‌ಗಳನ್ನೂ ನೋಡಿ. ಕಿಟ್ ಕಾರುಗಳಲ್ಲಿ ಪದೇಪದೇ ಕಾಣುವ ತಪ್ಪು ಇದು. ಚಾಸಿ ಸ್ಟ್ಯಾಂಡ್ ಮೇಲಿದ್ದು ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ರಬ್ಬರ್ ಬುಷ್‌ನ ಒಳಗಿನ ಕೊಳವೆ ಬ್ರಾಕೆಟ್‌ಗೆ ಕಚ್ಚಿಕೊಂಡಿರುತ್ತದೆ, ಕಾರು ಇಳಿದಾಗ ರಬ್ಬರೇ ತಿರುಚಿ ಎರಡನೇ ಸ್ಪ್ರಿಂಗ್ ಆಗುತ್ತದೆ. ನಾಲ್ಕು ಮೂಲೆಯಲ್ಲೂ ಒಂದೇ ರೀತಿ ತಿರುಚುವುದಿಲ್ಲವಲ್ಲ. ರಬ್ಬರೂ ಬೇಗ ಹರಿಯುತ್ತದೆ.

ಕಾರು ನೆಲದ ಮೇಲೆ, ಚಾಲಕನ ಭಾರ ಸೀಟಿನಲ್ಲಿ ಇರುವಾಗ ಎಲ್ಲ ಬುಷ್ ಬೋಲ್ಟ್‌ಗಳನ್ನು ಸಡಿಲಿಸಿ, ಕುಲುಕಿಸಿ, ಅದೇ ಎತ್ತರದಲ್ಲಿ ಕೈಪಿಡಿಯ ಟಾರ್ಕ್‌ಗೆ ಬಿಗಿಮಾಡಿ. ನೈಲಾಕ್ ನಟ್ (ತಾನಾಗಿ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಹೊಸದು ಹಾಕಿ.

ಖಾಲಿಸೀಟು:
ಡ್ರಾಪ್ ಲಿಂಕ್ ಬೋಲ್ಟ್ ಹಾರಿಯೇ ಹೊರಬಂತು. ಬಿಚ್ಚಿದ ಮೇಲೆ 134, 160, 176, 170. ಬುಷ್ ಸಡಿಲಿಸಿ ಬಿಗಿಮಾಡಿದ ಮೇಲೆ 137, 157, 173, 173.

ಆಮೇಲೆ ಎಡಮುಂದಿನ ಸ್ಪ್ರಿಂಗ್ ಸೀಟನ್ನು ಎರಡೂವರೆ ಸುತ್ತು ಮೇಲಕ್ಕೆ ತಿರುಗಿಸಿದೆ. ಬಂದದ್ದು 140 ಅಷ್ಟೆ! ಆ ಮೂಲೆ ಮಾತ್ರ 5 ಮಿ.ಮೀ. ಮೇಲೆದ್ದಿದೆ. ಸ್ಪ್ರಿಂಗ್ ಹಾಳಾಗಿದೆಯೇ?

ನಾಲ್ಕುಮೂಲೆ:
ಸ್ಪ್ರಿಂಗ್ ಚೆನ್ನಾಗಿಯೇ ಇದೆ. ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ. ನಿಮ್ಮ ಸ್ಪ್ರಿಂಗ್ ರೇಟು ಮತ್ತು ಲಿವರ್ ಅನುಪಾತ ಹೇಳಿ, ಅದಿಲ್ಲದೆ ಸುತ್ತು ಎಣಿಸಿ ಉಪಯೋಗವಿಲ್ಲ. ಡ್ಯಾಂಪರ್ ಎಷ್ಟು ಮಿ.ಮೀ. ಕುಗ್ಗಿತು ಭಾಗಿಸು ಚಕ್ರ ಎಷ್ಟು ಮಿ.ಮೀ. ಏರಿತು, ಅದೇ ಅನುಪಾತ. ಸ್ಪ್ರಿಂಗ್ ತೆಗೆದು ಚಕ್ರ ಎತ್ತಿ ಅಳೆಯಬಹುದು.

ಖಾಲಿಸೀಟು:
ಮುಂದೆ ಸ್ಪ್ರಿಂಗ್ ಮಿ.ಮೀ.ಗೆ 4 ಕೆಜಿ, ಅನುಪಾತ 0.7. ಹಿಂದೆ 2.5 ಕೆಜಿ, ಅನುಪಾತ 0.9. ಸ್ಪ್ರಿಂಗ್ ಸೀಟಿನ ಮರೆ (ಥ್ರೆಡ್) ಒಂದು ಸುತ್ತಿಗೆ 2 ಮಿ.ಮೀ.

ನಾಲ್ಕುಮೂಲೆ:
ಎರಡೂವರೆ ಸುತ್ತು ಅಂದರೆ 5 ಮಿ.ಮೀ. ಗುಣಿಸು 4, ಗುಣಿಸು 0.7: ಚಕ್ರದ ಬಳಿ 14 ಕೆಜಿ ಆಗಬೇಕಿತ್ತು. ಆದರೆ ನೀವು ಒಂದೇ ಮೂಲೆ ಎತ್ತಿದ್ದೀರಿ. ಅದರ ಬಹುಪಾಲು ಕಾರನ್ನು ಮೇಲಕ್ಕೆತ್ತುವುದರಲ್ಲಿ, ಹಿಂದಕ್ಕೂ ಬಲಕ್ಕೂ ವಾಲಿಸುವುದರಲ್ಲಿ ಹೋಯಿತು. ಕರ್ಣಕ್ಕೆ ಸಿಗುವುದು ಕಾಲು ಭಾಗ, ಮೂರೂವರೆ ಕೆಜಿ. ಅದೇ ಬಂದಿದೆ. ಬಲಹಿಂದಿನ ಮೂಲೆ ಅಳೆದರೆ 2 ಮಿ.ಮೀ. ಹತ್ತಿರ ಕುಸಿದಿರುತ್ತದೆ.

ಆದ್ದರಿಂದ ಎಡಮುಂದನ್ನು ಮೊದಲಿದ್ದ ಜಾಗಕ್ಕೆ ತನ್ನಿ. ಆಮೇಲೆ ನಾಲ್ಕನ್ನೂ ಒಟ್ಟಿಗೆ: ಎಡಮುಂದು ಮತ್ತು ಬಲಹಿಂದು ಮೇಲಕ್ಕೆ, ಬಲಮುಂದು ಮತ್ತು ಎಡಹಿಂದು ಕೆಳಕ್ಕೆ. ಹಾಗೆ ಮಾಡಿದರೆ ಎತ್ತರ ಕದಲುವುದಿಲ್ಲ, ಭಾರ ಮಾತ್ರ ಸರಿಯುತ್ತದೆ.

ಎಷ್ಟಕ್ಕೆ ನಿಲ್ಲಿಸುವುದು ಎನ್ನುವುದೇ ಪ್ರಶ್ನೆ. ಮುಂದಿನ ಒಟ್ಟು 294, ಎಡಗಡೆಯ ಒಟ್ಟು 310. ಇವೆರಡೂ ಸ್ಪ್ರಿಂಗ್ ಸೀಟಿನಿಂದ ಬದಲಾಗುವುದಿಲ್ಲ. ಬದಲಿಸಬೇಕೆಂದರೆ ಬ್ಯಾಟರಿಯನ್ನೋ ಚಾಲಕನ ಸೀಟನ್ನೋ ಸರಿಸಬೇಕು. ಕರ್ಣ ಸರಿಯಾಗಿ ಶೇ. 50 ಬೇಕೆಂದರೆ ಮುಂದೆ 142 ಮತ್ತು 152. ನನ್ನ ಮತ ಅದಕ್ಕೇ, ಎರಡೂ ಕಡೆಯ ತಿರುವು ಒಂದೇ ಥರ ಇರುತ್ತದೆ.

ಸಿಸ್ಪ್ಯಾನರ್:
ಇಲ್ಲಿ ನನ್ನದು ಭಿನ್ನಾಭಿಪ್ರಾಯ. ಪ್ರಶ್ನೆ ಬ್ರೇಕಿನದು. ಎಬಿಎಸ್ ಇಲ್ಲದ ಕಾರಿನಲ್ಲಿ ಮುಂದಿನ ಎರಡು ಚಕ್ರ ಸಮ ಇರುವುದು ಮುಖ್ಯ, 147 ಮತ್ತು 147. ಕರ್ಣ ಶೇ. 51.6 ಆಗುತ್ತದೆ, ಆಗಲಿ. ಎಡ ತಿರುವಿನಲ್ಲಿ ಬಾಲ ಚೂರು ಚುರುಕಾಗಬಹುದು. ಒದ್ದೆ ರಸ್ತೆಯಲ್ಲಿ ಒಂದು ಚಕ್ರ ನಿಂತುಬಿಡುವುದಕ್ಕಿಂತ ಅದು ವಾಸಿ.

ನಾಲ್ಕುಮೂಲೆ:
ಒಬ್ಬರೇ ಓಡಿಸುವವರಾದರೆ ನಡುವೆ ನಿಲ್ಲಿಸಿ: ಎಡಮುಂದು 145. ಅಂದರೆ 137ಕ್ಕೆ 8 ಸೇರಬೇಕು. ಮುಂದೆ ಒಂದೂವರೆ ಸುತ್ತು (3 ಮಿ.ಮೀ., 8.4 ಕೆಜಿ). ಚಕ್ರದ ಬಳಿ ಅದು 4.3 ಮಿ.ಮೀ.; ಹಿಂದೆಯೂ ಚಕ್ರದ ಬಳಿ ಅಷ್ಟೇ ಆಗಬೇಕಾದರೆ 0.9ರಿಂದ ಗುಣಿಸಿ, 3.9 ಮಿ.ಮೀ., ಅಂದರೆ ಎರಡು ಸುತ್ತು.

ಸ್ಪ್ರಿಂಗ್ ಸೀಟು ತಿರುಗಿಸುವಾಗ ಚಕ್ರ ನೆಲ ಬಿಟ್ಟಿರಲಿ, ಕಾರು ಆಕ್ಸಲ್ ಸ್ಟ್ಯಾಂಡ್ ಮೇಲಿರಲಿ. ಭಾರದ ಕೆಳಗೆ ಸಿ ಸ್ಪ್ಯಾನರ್ ಎಳೆದರೆ ಅಲ್ಯುಮಿನಿಯಂ ಮರೆ ಕಿತ್ತುಬರುತ್ತದೆ. ಮೊದಲು ಮರೆಯನ್ನು ಬ್ರಶ್‌ನಿಂದ ಉಜ್ಜಿ, ಒಂದು ಹನಿ ಎಣ್ಣೆ ಬಿಡಿ. ಕೆಳಗಿಳಿಸಿದ ಎರಡು ಮೂಲೆಗಳಲ್ಲಿ ಚಕ್ರ ಪೂರ್ತಿ ನೇತಾಡುವಾಗ ಸ್ಪ್ರಿಂಗ್ ಕೈಯಲ್ಲಿ ಲೊಡಲೊಡ ಅಲ್ಲಾಡಬಾರದು. ಅಲ್ಲಾಡಿದರೆ ಹೆಲ್ಪರ್ ಸ್ಪ್ರಿಂಗ್ (ಮುಖ್ಯ ಸ್ಪ್ರಿಂಗ್ ಸಡಿಲವಾಗದಂತೆ ಹಿಡಿಯುವ ಸಣ್ಣ ಸ್ಪ್ರಿಂಗ್) ಬೇಕು.

ಖಾಲಿಸೀಟು:
ಮೂರು ಸಲ ತೂಗಿದೆ: 145, 149, 165, 181. ಎತ್ತರ ನಾಲ್ಕೂ ಕಡೆ ಮೊದಲಿನಷ್ಟೇ. ಈಗ ಆ್ಯಂಟಿರೋಲ್ ಬಾರ್ ಜೋಡಿಸಿದರೆ ಮತ್ತೆ ಕೆಡುವುದಿಲ್ಲವೇ?

ನಾಲ್ಕುಮೂಲೆ:
ಚೀಲ ಸೀಟಿನಲ್ಲೇ ಇರಲಿ, ಕಾರು ತಕ್ಕಡಿಯ ಮೇಲೇ ಇರಲಿ. ಡ್ರಾಪ್ ಲಿಂಕ್‌ನ ರಾಡ್ ಎಂಡ್ (ತಿರುಗಿಸಿ ಉದ್ದ ಹೊಂದಿಸುವ ತುದಿಯ ಕೀಲು) ಅನ್ನು ಅರ್ಧ ಅರ್ಧ ಸುತ್ತು ತಿರುಗಿಸುತ್ತ ಹೋಗಿ. ಬೋಲ್ಟ್ ಎರಡೇ ಬೆರಳಿನಿಂದ ತೂರಬೇಕು, ಸುತ್ತಿಗೆ ಬೇಕಾಯಿತು ಅಂದರೆ ಉದ್ದ ಇನ್ನೂ ಸರಿಯಿಲ್ಲ. ಬಿಗಿಮಾಡಿ ಅಂಕೆ ನೋಡಿ, 1 ಕೆಜಿಗಿಂತ ಹೆಚ್ಚು ಬದಲಾಗಬಾರದು.

ಖಾಲಿಸೀಟು:
ಬೆರಳಿನಿಂದಲೇ ಹೋಯಿತು, ಅಂಕೆ ಅಲ್ಲಾಡಲಿಲ್ಲ. ಮುಚ್ಚಿದ ಜಾಗದಲ್ಲಿ 60ರಿಂದ ಹತ್ತು ಸಲ ನಿಲ್ಲಿಸಿ ನೋಡಿದ್ದಾಯಿತು. ಈಗ ಎರಡೂ ಮುಂದಿನ ಚಕ್ರ ಹೆಚ್ಚುಕಡಿಮೆ ಒಟ್ಟಿಗೇ ಚೀರುತ್ತವೆ. ಪೆಡಲನ್ನು ಮೊದಲಿಗಿಂತ ಎಷ್ಟೋ ಗಟ್ಟಿಯಾಗಿ ಒತ್ತಬಹುದು. ಸ್ಟಿಯರಿಂಗ್‌ನಲ್ಲಿ ಮಾತ್ರ ಒಂದು ಸಣ್ಣ ನಡುಕ ಇದೆ.

ಸಿಸ್ಪ್ಯಾನರ್:
ಅದು ಆ ಚಪ್ಪಟೆಯಾದ ಟೈರು. ಮುಂದಿನ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದೇ ಹೊಸದಾದರೆ ವ್ಯಾಸದ ವ್ಯತ್ಯಾಸ ಮತ್ತೆ ಕರ್ಣದ ಮೇಲೆ ಬರುತ್ತದೆ. ಬುಷ್ ಬೋಲ್ಟ್ ಸಡಿಲಿಸಿದ್ದೀರಿ, ಆದ್ದರಿಂದ ದಾರ ಕಟ್ಟಿ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಒಮ್ಮೆ ಅಳೆದುಬಿಡಿ. ಸ್ಪ್ರಿಂಗ್ ಸೀಟಿನ ಲಾಕ್ ರಿಂಗ್ ಬಿಗಿ ಮಾಡಿ, ರಿಂಗಿನಿಂದ ಡ್ಯಾಂಪರ್ ಮೈಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ರಿಂಗ್ ತಾನಾಗಿ ತಿರುಗಿದರೆ ಗೆರೆ ತುಂಡಾಗಿ ಕಾಣುತ್ತದೆ, ತಕ್ಕಡಿ ತರುವ ಮೊದಲೇ ಗೊತ್ತಾಗುತ್ತದೆ.