ಗರ್ಭಕೋಶ ಜಾರುವುದನ್ನು ಟ್ಯಾಬ್‌ನಲ್ಲಿ ತೋರಿಸಿದರೆ ಅಜ್ಜಿಯರಿಗೆ ಅರ್ಥ ಆಗುತ್ತಿಲ್ಲ. ನೀವು ಹೇಗೆ ತೋರಿಸುತ್ತೀರಿ?

ಓಪಿಡಿ ಸಿಸ್ಟರ್, ಹಾವೇರಿ ಕಡೆ

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹನ್ನೊಂದು ವರ್ಷ ಆಯಿತು. "ಕೆಳಗ ಗಡ್ಡಿ ಬಂದೈತ್ರಿ" ಅಂತ ಬರುವವರು ವಾರಕ್ಕೆ ಇಬ್ಬರಾದರೂ ಇರುತ್ತಾರೆ. ಅದನ್ನೂ ಬಂದ ತಕ್ಷಣ ಹೇಳುವುದಿಲ್ಲ. ಸೊಂಟ ನೋವು, ಬಿಳಿಸೆರಗು ಅಂತ ಶುರು ಮಾಡಿ, ಜೊತೆಗೆ ಬಂದ ಮಗ ಹೊರಗೆ ಹೋದ ಮೇಲೆ ಬಾಯಿ ಬಿಡುತ್ತಾರೆ.

ಈಗ ನಮ್ಮ ಡಾಕ್ಟರ್ ಟ್ಯಾಬ್‌ಗೆ ಒಂದು ತ್ರೀಡಿ ಆ್ಯಪ್ ಹಾಕಿಸಿದ್ದಾರೆ. ಬೆರಳಿಂದ ತಿರುಗಿಸಬಹುದು. ಕೆಳಗಿನ ಗೆರೆಯನ್ನು 0ನೇ ಹಂತದಿಂದ 4ನೇ ಹಂತದವರೆಗೆ ಎಳೆದರೆ ಅಂಗ ಇಳಿಯುತ್ತಾ ಬರುತ್ತದೆ. ನನಗಂತೂ ಖುಷಿಯಾಗಿತ್ತು. ಮೊನ್ನೆ ಐದು ಹೆತ್ತ ಅಜ್ಜಿಯೊಬ್ಬರಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಏನವ್ವಾ ಇದು, ಬದನಿಕಾಯಿ ಹೆಚ್ಚಿದಂಗ ಐತಲ್ಲ?" ಅಂದರು. ಮೈಯನ್ನು ಪಕ್ಕದಿಂದ ಸೀಳಿದ ಚಿತ್ರ ಅದು. ನಾವು ಪರೀಕ್ಷೆಗೆ ಬರೆದು ಬರೆದು ಕಲಿತದ್ದು. ಅವರಿಗೆ ಹೊಟ್ಟೆ ಯಾವ ಕಡೆ, ಬೆನ್ನು ಯಾವ ಕಡೆ ಅಂತಲೇ ಗೊತ್ತಾಗಲಿಲ್ಲ.

ನಾನೋ ಸುಮ್ನಿರದೆ ಗೆರೆಯನ್ನು 4ಕ್ಕೆ ಎಳೆದೆ. "ನಂದೂ ಇಷ್ಟ್ ಆಗತೈತೇನು?" ಅಂತ ಕಣ್ಣೀರು ಹಾಕಿದರು. ಅವರದು 2ನೇ ಹಂತ ಅಷ್ಟೇ. ಕೊನೆಗೆ, "ಗರ್ಭಕೋಶ ತಗಸಿಬಿಟ್ರ ಮುಗೀತಲ್ಲ?" ಅಂದರು. ಅವರಿಗೆ ಇಳಿದಿದ್ದು ಮೂತ್ರಕೋಶ! ಗರ್ಭಕೋಶ ತನ್ನ ಜಾಗದಲ್ಲೇ ಇತ್ತು. ಇದನ್ನೇ ತಿಳಿಸಲಾಗಲಿಲ್ಲ ನನಗೆ.

ಫಿಸಿಯೋ, ಮೈಸೂರು

ಮೊದಲೇ ಟ್ಯಾಬ್ ತೆಗೆಯಬೇಡಿ ಸಿಸ್ಟರ್. ಅವರ ಕೈಯನ್ನೇ ಕಿಬ್ಬೊಟ್ಟೆಯ ಮೂಳೆ ಮೇಲೆ ಇಡಿಸಿ. ಇಲ್ಲಿ ಒಳಗೆ ಮೂತ್ರದ ಚೀಲ, ನಡುವೆ ಗರ್ಭಕೋಶ, ಹಿಂದೆ ಮಲದ ದಾರಿ. ಮೂರನ್ನೂ ಹೊತ್ತಿರುವ ಸ್ನಾಯು ಮಗು ಮಲಗಿಸುವ ಜೋಲಿ ಇದ್ದ ಹಾಗೆ ಅನ್ನಿ. ಹೆರಿಗೆ, ಹಳೇ ಕೆಮ್ಮು, ಮಲಬದ್ಧತೆ, ತಲೆಹೊರೆ, ಮುಟ್ಟು ನಿಂತ ಮೇಲಿನ ವಯಸ್ಸು, ಎಲ್ಲಾ ಸೇರಿ ಜೋಲಿ ಸಡಿಲ ಆಗುತ್ತದೆ. ಆಮೇಲೆ ಟ್ಯಾಬ್ ತೆಗೆದು, ಚಿತ್ರವೂ ಅವರೂ ಒಂದೇ ಕಡೆ ಮುಖ ಮಾಡಿರುವ ಹಾಗೆ ಹಿಡಿಯಿರಿ.

ಆ ಸ್ನಾಯುವನ್ನು ಬಿಗಿ ಹಿಡಿಯುವ ವ್ಯಾಯಾಮಕ್ಕೆ "ಹೂಸು ತಡೆದ ಹಾಗೆ" ಅಂದರೆ ನಗುತ್ತಾರೆ, ಆದರೆ ಸರಿಯಾಗಿ ಮಾಡುತ್ತಾರೆ. ಮೂತ್ರ ಮಾಡುವಾಗ ತಡೆದು ತಡೆದು ಅಭ್ಯಾಸ ಮಾಡಿ ಅಂತ ಮಾತ್ರ ಹೇಳಬೇಡಿ.

ಸ್ತ್ರೀರೋಗ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ)

ಆ ಗೆರೆಯನ್ನು ಮೊದಲೇ ಅವರ ಹಂತಕ್ಕೆ ಇಟ್ಟು ಆಮೇಲೆ ಟ್ಯಾಬ್ ಕೊಡಿ. ಹಂತವನ್ನು ಸೆಂಟಿಮೀಟರ್‌ನಲ್ಲಿ ಅಳೆಯುವಾಗ ಯೋನಿದ್ವಾರದ ಕನ್ಯಾಪೊರೆಯ ಮಟ್ಟವೇ ಸೊನ್ನೆ. ಇಳಿದ ಭಾಗದ ತುದಿ ಅದರಿಂದ 1 ಸೆಂ.ಮೀ. ಮೇಲೆ ಅಥವಾ ಕೆಳಗೆ, ಅಷ್ಟರೊಳಗೇ ಇದ್ದರೆ 2ನೇ ಹಂತ. 1996ರಿಂದ ಬಳಕೆಯಲ್ಲಿರುವ ಅಳತೆ ಇದು. 2 ಇದ್ದವರೆಲ್ಲ 4ಕ್ಕೆ ಹೋಗುವುದಿಲ್ಲ. ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಗೆರೆ ಎಳೆದರೆ ಮಾತ್ರ ಅದು ರೈಲಿನ ಮುಂದಿನ ಸ್ಟೇಷನ್ ತರಹ ಕಾಣುತ್ತದೆ, ಅಲ್ವಾ?

ತೆಗೆಸುವ ಮಾತಿಗೆ ಆ ಆ್ಯಪ್‌ನಲ್ಲೇ ಉತ್ತರ ಇರಬಹುದು. ಒಂದೊಂದೇ ಅಂಗ ಮರೆ ಮಾಡುವ ಬಟನ್ ಇದೆಯಾ ನೋಡಿ. ಗರ್ಭಕೋಶವನ್ನು ಮಾಯ ಮಾಡಿ. ಮೂತ್ರಕೋಶದ ಉಬ್ಬು ಹಾಗೇ ಉಳಿಯುತ್ತದೆ. ಮಾತೇ ಬೇಡ. ಗರ್ಭಕೋಶ ತೆಗೆಸಿದ ಮೇಲೂ ಯೋನಿಯ ಮೇಲ್ಭಾಗ ಜಾರುವುದುಂಟು, ಅದನ್ನೂ ಹೇಳಿ.

ಮಗಳು

ನಾನು ಡಾಕ್ಟರ್ ಅಲ್ಲ. ಅಮ್ಮನಿಗೆ ಒಂದು ಆಸ್ಪತ್ರೆಯಲ್ಲಿ ರಿಂಗ್ ಹಾಕಿದರು, ಜಾರಿದ್ದನ್ನು ಎತ್ತಿ ಹಿಡಿಯಲು ಯೋನಿಯೊಳಗೆ ಇಡುವ ಬಳೆಯಂಥದ್ದು. ಗೋಡೆ ಮೇಲಿನ ಚಿತ್ರ ತೋರಿಸಿದರು, ರಿಂಗ್ ಕೈಗೆ ಕೊಡಲಿಲ್ಲ. ಅದು ಕಾಪರ್‌ಟಿ ತರಹ ಒಳಗೇ ಇರುವುದು ಅಂತ ಅಮ್ಮ ಅಂದುಕೊಂಡರು. ತೆಗೆದು ತೊಳೆಯಬೇಕು, ಕೆಲವು ತಿಂಗಳಿಗೊಮ್ಮೆ ತೋರಿಸಬೇಕು ಅಂತ ತಿಳಿದದ್ದು ಹುಣ್ಣಾಗಿ ರಕ್ತ ಬಂದ ಮೇಲೆ. ದಯವಿಟ್ಟು ಒಂದು ರಿಂಗನ್ನು ಕೈಗೆ ಕೊಟ್ಟು ಮಡಚಿಸಿ ನೋಡಿ.

ಓಪಿಡಿ ಸಿಸ್ಟರ್, ಹಾವೇರಿ ಕಡೆ

ಬಟನ್ ಇತ್ತು! ಇಷ್ಟು ದಿನ ನೋಡಿಯೇ ಇರಲಿಲ್ಲ. ಇವತ್ತು ಅದೇ ಅಜ್ಜಿ ಮತ್ತೆ ಬಂದಿದ್ದರು. ಮೊದಲು ಜೋಲಿ ಕಥೆ ಹೇಳಿದೆ, ಆಮೇಲೆ ಟ್ಯಾಬ್ ಕೊಟ್ಟೆ. ಗರ್ಭಕೋಶವನ್ನು ಅವರೇ ಒತ್ತಿ ಮಾಯ ಮಾಡಿದರು, ಮತ್ತೆ ತಂದರು, ಮತ್ತೆ ಮಾಯ ಮಾಡಿದರು. "ಹಂಗಾರ ಇದರದೇನೂ ತಪ್ಪಿಲ್ಲ ಬಿಡು" ಅಂದರು. ರಿಂಗ್ ಹಾಕಿಸಿಕೊಳ್ಳುತ್ತಾರಂತೆ. ಕೈಗೆ ಕೊಡಲು ಸ್ಟೋರ್‌ನಲ್ಲಿ ಒಂದೂ ಉಳಿದಿಲ್ಲ, ಡಾಕ್ಟರ್ ಹತ್ತಿರ ಸ್ಯಾಂಪಲ್ ಕೇಳಿದ್ದೇನೆ.